ಗಂಟೆ ಬಾರಿಸುವ ವೈರಿ

ಮೊನ್ನೆ ಫೋನಿನ ಚಾರ್ಜರ್ ಕಾದು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆ ತುಂಬಿತು. ಪ್ಲಗ್ ಕಿತ್ತೆ, ಕಿಟಕಿ ತೆರೆದೆ. ಅಷ್ಟರೊಳಗೆ ಆ ವಾಸನೆ ನನ್ನನ್ನು ಆಳಂದದ ಒಂದು ಪಡಸಾಲೆಗೆ ಒಯ್ದುಬಿಟ್ಟಿತ್ತು... ಟ್ರಂಕಿನ ತಳದಿಂದ ನೂರು ಪುಟದ ಆ ನೋಟ್‌ಬುಕ್ ತೆಗೆದೆ. ರಟ್ಟಿನ ಮೇಲೆ ಹೆಸರಿಲ್ಲ. ಒಳಗೆ ಬರೀ ವೈರಿಗಳು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮವರಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆಗಿ ಆಳಂದಕ್ಕೆ ಹೋಗಿದ್ದೆವು. ಎದುರುಮನೆಯವರದು ತೊಗರಿಯ ದಲ್ಲಾಳಿ ವ್ಯಾಪಾರ, ಅಡತಿ ಅಂಗಡಿ. ಆ ಮನೆಯ ಸೊಸೆಯನ್ನು ಓಣಿಯೆಲ್ಲ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿತ್ತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ನಾನೂ ಹಾಗೇ ಕರೆದೆ. ಆಕೆ ನನ್ನನ್ನು ಗೌರವದಿಂದ ಬಾಯಾರ ಅನ್ನುತ್ತಿದ್ದಳು. ತವರು ಮಾದನಹಿಪ್ಪರಗಾ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಮದುವೆ. ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಆಕೆಯ ಗಂಡ ಸೊಲ್ಲಾಪುರದಿಂದ ಟೀವಿಗೆ ಹಚ್ಚುವ ವಿಡಿಯೋ ಗೇಮ್ ತಂದಿದ್ದ. ಎಂಟು ದಿನ ಆಡಿ ಬೇಸತ್ತ. ಒಂದು ಕ್ಯಾಸೆಟ್ಟನ್ನಂತೂ ಮುಟ್ಟಲೇ ಇಲ್ಲ. ಅದರಲ್ಲಿ ಓಡುವುದು ಹಾರುವುದು ಕಡಿಮೆ, ಓದುವುದು ಜಾಸ್ತಿ, ಅದೂ ಇಂಗ್ಲಿಷಿನಲ್ಲಿ. ಕತ್ತಿ ಹಿಡಿದ ಒಬ್ಬ ಯಾತ್ರಿಕ ಕಾಡು ದಾಟಿ, ಗವಿ ಹೊಕ್ಕು, ಎದುರಾದ ರಾಕ್ಷಸರನ್ನೆಲ್ಲ ಕೊಂದು ಕೋಟೆ ಮುಟ್ಟಬೇಕು. ಮಧ್ಯಾಹ್ನ ಅತ್ತೆ ಮಠಕ್ಕೆ ಪುರಾಣ ಕೇಳಲು ಹೋದಾಗ ವೈನಿ ಆ ಕ್ಯಾಸೆಟ್ ಹಾಕುತ್ತಿದ್ದಳು. ಅಡಾಪ್ಟರ್ ಕಾದು ಇದೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅವರ ಪಡಸಾಲೆ ತುಂಬುತ್ತಿತ್ತು. ಓದಿ ಹೇಳಲು ನನ್ನನ್ನು ಕರೆದಳು. ನಾನು ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಕಲಿತವಳು. ಆ ಊರಿನಲ್ಲಿ ನನ್ನ ಇಂಗ್ಲಿಷಿಗೆ ಸಿಕ್ಕ ಮೊದಲ ಕೆಲಸ ಅದು.

ಕರೆಂಟ್ ಹೋದರೆ ಆಟ ಅಳಿಸಿಹೋಗುತ್ತಿತ್ತು. ಅದಕ್ಕೇ ನಡುನಡುವೆ ಪರದೆಯ ಮೇಲೆ ಉದ್ದನೆಯ ಪಾಸ್‌ವರ್ಡ್ ಬರುತ್ತಿತ್ತು, ಅದನ್ನು ಹಾಕಿದರೆ ಆಟ ನಿಂತಲ್ಲಿಂದಲೇ ಶುರುವಾಗುತ್ತಿತ್ತು. ವೈನಿ ಆ ಅಕ್ಷರಗಳನ್ನು ರಂಗೋಲಿ ಎಳೆದಂತೆ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು. ಉಳಿದ ಪುಟಗಳಲ್ಲಿ ವೈರಿಗಳು... ಪ್ರತಿಯೊಂದರ ಚಿತ್ರ, ಆಕೆಯೇ ಇಟ್ಟ ಹೆಸರು, ಅದರ ಪೆಟ್ಟು ಎಷ್ಟು, ಯಾವುದಕ್ಕೆ ಬಗ್ಗುತ್ತದೆ. ಲೋಳೆಯಂಥ ಮುದ್ದೆಗೆ ಅಂಬಲಿ. ನಿಲುವಂಗಿಯ ಮಾಟಗಾರನಿಗೆ ಕಂಬಳಿ ಮುದುಕ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ನೋಟ್‌ಬುಕ್ ನನ್ನ ಮನೆಯಲ್ಲೇ ಇರುತ್ತಿತ್ತು.

ಕಾಡು ದಾಟಿದ ಮೇಲೆ ಹಸಿರು ಅಂಬಲಿ ಹೋಗಿ ಕೆಂಪು ಅಂಬಲಿ ಬಂತು. ಆಕಾರ ಅದೇ. ಬಣ್ಣ ಬದಲಿಸಿ ಹೊಸ ಎನಿಮಿ ಅಂತಾರಲ್ಲ, ವಾಟ್ ಎ ಚೀಟ್ ಎಂದು ನಾನು ನಕ್ಕೆ. ವೈನಿ ನಗಲಿಲ್ಲ.

"ಬಣ್ಣ ಬ್ಯಾರೆ ಆದ್ರ ಪೆಟ್ಟೂ ಬ್ಯಾರೆ ಇರ್ತದ್ರಿ ಬಾಯಾರ. ಮಾರಿ ಒಂದೇ ಅದ ಅಂತ ಹತ್ರ ಹೋದ್ರ ಸತ್ತಂಗ."

ಆಕೆಯ ಮುಂಗೈ ಮೇಲೆ ಕಲೆಗಳಿರುತ್ತಿದ್ದವು. ಒಂದು ದಿನ ನೇರಳೆ, ಇನ್ನೊಂದು ದಿನ ಹಸಿರು. ಕೇಳಿದರೆ ಕಪಾಟಿನ ಬಾಗಿಲು ತಾಗಿತು ಅನ್ನುತ್ತಿದ್ದಳು. ಬಿ ಕೇರ್‌ಫುಲ್ ಅಂದು ನಾನು ಪರದೆಯ ಮುಂದಿನ ಸಾಲು ಓದುತ್ತಿದ್ದೆ.

ಗವಿಯೊಳಗೆ ಒಂದು ವಿಚಿತ್ರ ವೈರಿ ಇತ್ತು. ಸಣ್ಣ ಆಳು, ನೀಟಾದ ಉಡುಪು, ಕೈಯಲ್ಲಿ ಗಂಟೆ. ಹೊಡೆಯುತ್ತಿರಲಿಲ್ಲ, ಕಚ್ಚುತ್ತಿರಲಿಲ್ಲ. ಪಾಪ, ಅದನ್ನ ಬಿಡು, ಕಾನ್ವೆಂಟಿನಲ್ಲಿ ನಮಗೆ ಬೆಲ್ ಹೊಡೆಯುತ್ತಿದ್ದ ಸಿಸ್ಟರ್ ಇದ್ದ ಹಾಗಿದೆ ಅಂದೆ. ಈ ಸಲ ವೈನಿ ನಕ್ಕಳು. ಆದರೆ ಮೊದಲು ಕತ್ತಿ ಬೀಸಿದ್ದು ಅದರ ಮೇಲೇ.

"ಅದು ಹೊಡಿಯಾಂಗಿಲ್ರಿ ಬಾಯಾರ, ಹೊಡಿಯಾವರನ್ನ ಕರೀತದ. ಅದನ್ನ ಮೊದಲು ಮುಗಸಬೇಕು."

ಆ ಬೇಸಿಗೆಯಲ್ಲಿ ಎದುರುಮನೆಯಲ್ಲಿ ಮಗನಿಗೆ ಎರಡನೇ ಸಂಬಂಧದ ಮಾತು ಎದ್ದಿತ್ತು. ಒಂದು ಮಧ್ಯಾಹ್ನ ವೈನಿ ಆಟ ನಿಲ್ಲಿಸಿ, ಮಡಚಿದ ಅರ್ಜಿಯೊಂದನ್ನು ಸೆರಗಿನಿಂದ ತೆಗೆದಳು. ಗುಲ್ಬರ್ಗಾದಲ್ಲಿ ನರ್ಸ್ ಟ್ರೇನಿಂಗ್, ಇರಲು ಹಾಸ್ಟೆಲ್. ನಾನು ಅದನ್ನು ತುಂಬಿಕೊಡಬೇಕು, ಉತ್ತರ ನನ್ನ ವಿಳಾಸಕ್ಕೆ ಬರಬೇಕು, ಬಂದ ದಿನವೇ ತಾನು ಬಸ್ಸು ಹತ್ತುವುದು. ತವರಿಗೆ ಹೋದರೆ ಅಣ್ಣಂದಿರು ತಿರುಗಿ ಇಲ್ಲಿಗೇ ಬಿಟ್ಟುಹೋಗುತ್ತಾರೆ. ಎರಡು ಸಲ ಬಿಟ್ಟಿದ್ದರಂತೆ. ಮನೆಯಲ್ಲಿ ಯಾರಿಗೂ ಅನ್ನಬೇಡಿರಿ ಎಂದು ನನ್ನ ಕೈ ಹಿಡಿದಳು.

ತುಂಬಿದೆ, ಚೆಂದದ ಕರ್ಸಿವ್ ಅಕ್ಷರದಲ್ಲಿ. ಕೊನೆಗೆ, ತಂದೆ ಅಥವಾ ಗಂಡನ ಸಹಿ ಎಂಬ ಸಾಲು. ಗಂಡನ ಸಹಿ ತಾನೇ ಗೀಚುತ್ತೇನೆ ಅಂದಳು ವೈನಿ. ಸುಳ್ಳು ಸಹಿ... ನನ್ನ ಕಣ್ಣ ಮುಂದೆ ನಮ್ಮ ಮದರ್ ಸುಪೀರಿಯರ್ ಬಂದು ನಿಂತರು. ಹಿರಿಯರಿಗೆ ತಿಳಿಸಿ ಪ್ರಾಪರ್ ಆಗಿ ಪರ್ಮಿಶನ್ ಪಡೆದರೆ ಯಾರು ತಾನೇ ಬೇಡವೆಂದಾರು? ಮರುದಿನ ಇಸ್ತ್ರಿ ಸೀರೆ ಉಟ್ಟು ಅವಳ ಅತ್ತೆಯ ಬಳಿ ಹೋದೆ. ವೈನಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಿಮ್ಮ ಸೊಸೆ ಬ್ರೈಟ್ ಹುಡುಗಿ, ಟ್ರೇನಿಂಗಿಗೆ ಕಳಿಸಿರಿ, ಮನೆತನಕ್ಕೇ ಹೆಸರು ಎಂದೆಲ್ಲ ಹೇಳಿದೆ. ಆ ಹಿರಿಯಾಕೆ ಶಾಂತವಾಗಿ ಕೇಳಿದರು. ಚಹಾ ಕೊಟ್ಟರು. ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ನನ್ನ ಉಡಿ ತುಂಬಿದರು.

"ನೀವು ಹೇಳಿದ್ದು ಛೊಲೊ ಆತ್ರಿ ಬಾಯಾರ. ನಮಗ ಗೊತ್ತೇ ಇರಲಿಲ್ಲ."

ತುಂಬಿದ ಉಡಿ ಹಿಡಿದು ಖುಷಿಯಿಂದ ಮನೆಗೆ ಬಂದೆ. ಕೆಲಸ ಆಯಿತು ಎಂದೇ ನಂಬಿದ್ದೆ... ಆ ಖಣವನ್ನು ಹೊಲಿಯಲೂ ಕೊಟ್ಟೆ.

ಮರುದಿನ ಎದುರುಮನೆಯ ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಒಂದು ಜೀಪು ಬಂತು. ಅಫಜಲಪುರದ ಆಚೆ, ಸೊನ್ನದ ಕಡೆ, ಭೀಮಾ ದಂಡೆಗೆ ಅವರ ಹೊಲವಿತ್ತು. ಹೊಲದ ಮನೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಾಳೆ ಎಂದು ಓಣಿಗೆ ಹೇಳಿದರು. ವೈನಿ ಕಣ್ಣಿನವರೆಗೆ ಸೆರಗು ಎಳೆದುಕೊಂಡು ಹೊರಗೆ ಬಂದಳು. ಒಂದು ಕಾಲು ಊರಲು ಆಗುತ್ತಿರಲಿಲ್ಲ. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ಜೀಪು ಹತ್ತುವ ಮುಂಚೆ ಆಕೆ ಒಂದು ಗಳಿಗೆ ನನ್ನ ಕಡೆ ತಿರುಗಿದಳು.

"ನೋಟಬುಕ್ ನಿಮ್ಮ ಹತ್ರನೇ ಇರ್ಲ್ರಿ ಬಾಯಾರ. ಬರ್ತೇನಿ."

ಬರಲಿಲ್ಲ. ದೀಪಾವಳಿಗೆ ಮುಂಚೆ ಸುದ್ದಿ ಬಂತು. ಜ್ವರ ಅಂದರು. ಹೊಲದಲ್ಲೇ ಮಣ್ಣು ಮಾಡಿದ್ದರು. ಎಂಥ ಜ್ವರ, ಯಾವ ಡಾಕ್ಟರ್ ನೋಡಿದರು ಎಂದು ಕೇಳಬೇಕಿತ್ತು. ನಮಗ್ಯಾಕೆ ಅಂದರು ನಮ್ಮವರು. ಆ ಮನೆಯವರು ಬ್ಯಾಂಕಿನ ದೊಡ್ಡ ಗಿರಾಕಿಗಳು. ನಾನೂ ಹೂಂ ಅಂದೆ. ಸಂಕ್ರಾಂತಿಯ ಹೊತ್ತಿಗೆ ಎದುರುಮನೆಗೆ ಹೊಸ ಸೊಸೆ ಬಂದಳು. ಓಣಿ ಅವಳನ್ನೂ ವೈನಿ ಅಂತಲೇ ಕರೆಯಿತು.

ಕೋಣೆಯ ವಾಸನೆ ಈಗ ಹೋಗಿದೆ. ನೋಟ್‌ಬುಕ್ ತೊಡೆಯ ಮೇಲಿದೆ. ಕೊನೆಯ ಪಾಸ್‌ವರ್ಡ್ ಇನ್ನೂ ಮಾಸಿಲ್ಲ, ಹಾಕಿ ನೋಡಲು ಯಂತ್ರವಿಲ್ಲ. ಆ ಯಾತ್ರಿಕ ಗವಿಯೊಳಗೇ ನಿಂತಿರಬೇಕು... ಗಂಟೆಯವನ ಪುಟ ತೆರೆದೆ. ಪೆಟ್ಟು, ಇಲ್ಲ ಎಂದು ಬರೆದಿದ್ದಾಳೆ. ಕೆಳಗೆ ಆಕೆಯ ದುಂಡು ಅಕ್ಷರ: ಎಲ್ಲರಿಗಿಂತ ಮೊದಲು ಇದು.

ಎಲ್ಲ ವೈರಿಗಳನ್ನೂ ಅಷ್ಟು ದೂರದಿಂದಲೇ ಗುರುತಿಸುತ್ತಿದ್ದ ಹುಡುಗಿ. ಅಂಥವಳು, ಪಕ್ಕದಲ್ಲೇ ಕೂತಿದ್ದ ನನ್ನ ಕೈಗೆ ಅರ್ಜಿ ಕೊಟ್ಟಳು.