ನನ್ನ ಮದುವೆಯ ದಿನ ಮಾಮಾ ಕಟ್ಟಿದ ದಂಡ

ನನ್ನ ಮದುವೆಯಾದದ್ದು 1979ರ ಬೇಸಿಗೆಯಲ್ಲಿ, ತುಳಸಿಗೇರಿ ಹನುಮಪ್ಪನ ಗುಡಿಯಲ್ಲಿ. ಅವತ್ತು ಮದುಮಗನ ಮುಖ ನೋಡುವ ಮೊದಲು ನಾನು ಪೊಲೀಸ್ ಫೌಜದಾರರ ಮುಖ ನೋಡಬೇಕಾಯಿತು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ದಿಕ್ಕಾಗಿದ್ದವನು ನಮ್ಮವ್ವನ ತಮ್ಮ, ಹುನಗುಂದದ ಸಂಗಪ್ಪ ಮಾಮಾ. ಅರ್ಧ ಆಯುಷ್ಯ ಚಕ್ಕಡಿ ಹೊಡೆದು, ಆಮೇಲೆ ಒಂದು ಹಳೆಯ ಲಾರಿ ಕೊಂಡಿದ್ದ. ಲಾರಿಯನ್ನೂ ಎತ್ತಿನ ಹಾಗೆಯೇ ಮಾತಾಡಿಸುತ್ತ ಓಡಿಸುತ್ತಿದ್ದ. ಇಳಕಲ್ಲಿನಿಂದ ನಮ್ಮ ದಿಬ್ಬಣ ಹೊರಟಿದ್ದು ಅದರಲ್ಲೇ. ನಾನು ಮತ್ತು ಅವ್ವ ಮುಂದೆ ಮಾಮಾನ ಪಕ್ಕ, ಉಳಿದವರೆಲ್ಲ ಹಿಂದೆ.

ಬಾಗಲಕೋಟೆ ಊರೊಳಗೆ ಒಂದು ಕೂಡುರಸ್ತೆಯಲ್ಲಿ ಬಲಗಡೆಯಿಂದ ಪೊಲೀಸ್ ಜೀಪು ಬಂತು. ಮಾಮಾ ನಿಲ್ಲಿಸಲೇ ಇಲ್ಲ, ಹಾರ್ನ್ ಬಾರಿಸುತ್ತ ನುಗ್ಗಿಸಿಬಿಟ್ಟ. ಜೀಪು ಕಿರ್ರೆಂದು ನಿಂತಿತು. ಫೌಜದಾರರು ಇಳಿದು ಬಂದವರೇ ಲಾರಿಯ ಕೀಲಿ ಕಿತ್ತುಕೊಂಡರು.

"ಬಲಗಡಿಂದ ಬರೋ ಗಾಡಿಗೆ ದಾರಿ ಬಿಡಬೇಕಂತ ಗೊತ್ತಿಲ್ಲೇನು?"

ಮಾಮಾನಿಗೆ ನಿಜವಾಗಿಯೂ ಆಶ್ಚರ್ಯ. "ಸಾಹೇಬ್ರ, ನಾ ಹೇರಕೊಂಡ ಬಂದೇನಿ, ನೀವು ಖಾಲಿ ಬಂದೀರಿ. ಹೇರಿದ ಚಕ್ಕಡಿಗೆ ಖಾಲಿ ಚಕ್ಕಡಿ ದಾರಿ ಬಿಡಬೇಕು. ಇದು ಎಲ್ಲಾರಿಗೂ ಗೊತ್ತಿದ್ದದ್ದ ಐತ್ರಿ."

ನಮ್ಮ ಸೀಮೆಯ ಬಂಡಿದಾರಿಯಲ್ಲಿ ಅದೇ ನ್ಯಾಯ. ಹೇರಿನ ಎತ್ತು ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಅದಕ್ಕೆ. ಆದರೆ ಫೌಜದಾರರು ಲಾರಿಯ ಹಿಂದೆ ಕಣ್ಣು ಹಾಯಿಸಿ, "ಹೇರಿದ್ದೇನು? ಮಂದಿ! ಅದಕ್ಕ ಬ್ಯಾರೆ ಚೀಟಿ ಬರೀಲೇನು?" ಎಂದರು. ಹಿಂದೆ ಕುಳಿತವರೆಲ್ಲ ಒಮ್ಮೆಗೇ ತಲೆ ತಗ್ಗಿಸಿದರು.

"ತಪ್ಪಾತು ಅನ್ನು, ದಂಡ ಕಟ್ಟಿ ಹೋಗು. ಇಲ್ಲಾಂದ್ರ ನಡಿ ಸ್ಟೇಷನ್ನಿಗೆ."

"ದಂಡ ಕಟ್ತೇನ್ರಿ. ತಪ್ಪಾತು ಅಂತ ಮಾತ್ರ ಅನ್ನೂದಿಲ್ಲ."

ಮಾಮಾನ ಹಟ ಊರಿಗೆಲ್ಲ ಗೊತ್ತಿದ್ದದ್ದು. ಅತ್ತ ಅಕ್ಕಿಕಾಳು ಬೀಳುವ ಮುಹೂರ್ತ ಸಮೀಪಿಸುತ್ತಿತ್ತು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರಬೇಕಾದವನು ಸೋದರಮಾವ. ನನಗಿದ್ದವನು ಇವನೊಬ್ಬನೇ. ಕೊನೆಗೆ ಫೌಜದಾರರೇ, "ಹೆಣ್ಣಮಕ್ಕಳು ಬಸ್ಸಿಗೆ ಹೋಗ್ಲಿ, ಇಂವ ಇಲ್ಲಿರ್ಲಿ" ಎಂದರು. ಅವ್ವ ಹಣೆ ಹಣೆ ಬಡಿದುಕೊಂಡಳು.

ನನಗೆ ಎಲ್ಲಿಂದ ಧೈರ್ಯ ಬಂತೋ! ಅರಿಷಿಣದ ಮುಖ, ಮೊಳಕೈತನಕ ಹಸಿರು ಬಳೆ, ಹಾಗೇ ಲಾರಿಯಿಂದ ಇಳಿದು ನಡುರಸ್ತೆಯಲ್ಲಿ ನಿಂತೆ. ನೋಡಲು ಮಂದಿ ಸೇರಿದರು.

"ಮಾಮಾ, ನೀ ಇಲ್ದ ನಾ ಹಂದರ ಹತ್ತೂದಿಲ್ಲ. ನೀ ಸ್ಟೇಷನ್ನಿಗೆ ನಡಿ, ನಾನೂ ಬರ್ತೇನಿ."

ಮಾಮಾ ನನ್ನನ್ನೇ ನೋಡಿದ. ಆಮೇಲೆ ತಲೆಯ ರುಮಾಲು ಸರಿಮಾಡಿಕೊಂಡು, ಅಷ್ಟು ಮಂದಿಯ ಎದುರು ಫೌಜದಾರರಿಗೆ ಕೈಮುಗಿದ.

"ತಪ್ಪಾತ್ರಿ ಸಾಹೇಬ್ರ. ನಮ್ಮ ಹುಡುಗಿ ಮದಿವಿ ಐತಿ."

ಫೌಜದಾರರು ಚೀಟಿ ಹರಿದು ಕೊಟ್ಟರು, ದಂಡ ತೆಗೆದುಕೊಂಡರು, ಕೀಲಿ ಮರಳಿಸಿದರು. ಆಮೇಲೆ ತಮ್ಮ ಡ್ರೈವರಿಗೆ ಜೀಪು ಹಿಂದೆ ಸರಿಸಲು ಹೇಳಿ, ಮೀಸೆಯಲ್ಲೇ ನಗುತ್ತ, "ನಡೀರಿ, ಹೇರಿದ ಗಾಡಿ ಮುಂದ ಹೋಗ್ಲಿ" ಎಂದರು.

ಮುಂದಿನ ದಾರಿಯದು ಇನ್ನೊಂದು ಪಜೀತಿ. ಮಾಮಾ ಸೈಕಲ್ಲಿಗೂ ನಿಂತ, ಕುರಿಹಿಂಡಿಗೂ ನಿಂತ. "ಲಗೂ ನಡಿಯೋ" ಎಂದು ಅವ್ವ ಗೋಗರೆದರೆ, "ಕೈ ಮುಗದ ಒಪ್ಪಿಕೊಂಡೇನಲ್ಲ, ಒಪ್ಪಿದ್ದನ್ನ ನಡಸಬೇಕಲ್ಲ ಅಕ್ಕಾ" ಎಂದ.

ಅಂತೂ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ನನ್ನ ಕೈ ಹಿಡಿದು ಹಂದರದೊಳಗೆ ಕಾಲಿಡುವಾಗ ಮಾಮಾ ಬಗ್ಗಿ ಕಿವಿಯಲ್ಲಿ ಹೇಳಿದ: "ಖರೆ ಹೇಳ್ತೇನಿ ಕೇಳವ್ವಾ, ತಪ್ಪು ನಂದಿರಲಿಲ್ಲ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತವರು ಬಿಡುವ ದುಃಖಕ್ಕೆ ಅಳುತ್ತಿದ್ದೇನೆಂದು ಹೆಂಗಸರು ಸಮಾಧಾನ ಮಾಡಿದರು.

ಮಾಮಾ ಈಗಿಲ್ಲ. ಫೌಜದಾರರು ಹೇಳಿದ್ದು ನಿಜವಾದ ಕಾಯಿದೆಯೇ ಎಂದು ನನಗೆ ಮುಂದೆ ಮಕ್ಕಳಿಂದ ತಿಳಿಯಿತು. ಮಾಮಾ ಮಾತ್ರ ಕೊನೆಯತನಕ ಅದನ್ನು ನಂಬಲಿಲ್ಲ. ತನ್ನದೇ ಸರಿ ಎಂದು ಅಷ್ಟು ಗಟ್ಟಿಯಾಗಿ ನಂಬಿದ್ದ ಮನುಷ್ಯ ಅವತ್ತು ನಡುಬೀದಿಯಲ್ಲಿ ನನಗಾಗಿ ಸೋತ. ಅಪ್ಪ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಏನು ಮಾಡುತ್ತಿದ್ದನೋ ನನಗೆ ಗೊತ್ತಿಲ್ಲ.