ಎರಡು ಒಪ್ಪಿಗೆಗಳ ನಡುವೆ ನಿಂತ ಟ್ಯಾಂಕರ್

ಅದಿರಿನ ವ್ಯಾಪಾರ ಜೋರಾಗಿದ್ದ ಕಾಲ. ನಾನು ಹೊಸಪೇಟೆಯ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಸಂಡೂರು ಕಡೆಯ ನಮ್ಮ ಯಾರ್ಡಿಗೆ ಹೋದಾಗಲೆಲ್ಲ ವಡ್ಡು ಎಂಬ ಊರಿನ ಹತ್ತಿರದ ಸಣ್ಣ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದೇ ಮುಂದೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವಳನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಕಟ್ಟಿದ ಹೋಟೆಲು ಅದು.

ಅದಿರಿನ ಲಾರಿಗಳು ಹೆಚ್ಚಾದಂತೆ ಕೆಂಪು ಧೂಳು ತಟ್ಟೆಯವರೆಗೂ ಬಂತು. ಒಂದು ಬೆಳಿಗ್ಗೆ ಅಕ್ಕ ಕೇಳಿದಳು: "ತಮ್ಮಾ, ಈ ರಸ್ತೆಗೆ ದಿನಾ ಒಂದೀಟು ನೀರು ಹೊಡಿಸಾಕ ಆಗಂಗಿಲ್ಲೇನು? ಧೂಳಿಗೆ ಮಂದಿ ಒಳಗ ಕುಂದ್ರವಲ್ರು."

"ಟ್ಯಾಂಕರ್ ಯಾರ್ಡಿನಾಗ ಸುಮ್ನ ನಿಂತೈತಿ ಅಕ್ಕ. ಹೇಳಿ ಕಳಿಸ್ತೀನಿ," ಎಂದೆ.

ಮೊದಲಾಗಿದ್ದರೆ ಮ್ಯಾನೇಜರು ಕಿಟಕಿಯಿಂದ ಡ್ರೈವರನ್ನು ಕೂಗಿದ್ದರೆ ಸಾಕಿತ್ತು. ಈಗ ಹೊಸ ಸಾಫ್ಟ್‌ವೇರ್ ಬಂದಿತ್ತು. ನಾನು ಹಾಕಿದ ಕೋರಿಕೆ ಒಂದೇ ಹೊತ್ತಿಗೆ ಎರಡು ಕಡೆ ಹೋಯಿತು. ಟ್ಯಾಂಕರ್ ಬಿಡಲು ವಾಹನ ವಿಭಾಗ ಒಪ್ಪಬೇಕು, ನೀರು ಬಳಸಲು ಪರಿಸರ ವಿಭಾಗ ಒಪ್ಪಬೇಕು.

"ಪರಿಸರದವ್ರು ಒಪ್ಪೋತನಕ ನನಗ ಒಪ್ಪಿಗಿ ಬಟನ್ ಬರಂಗಿಲ್ಲ ನೋಡ್ರಿ," ಎಂದರು ವಾಹನ ವಿಭಾಗದವರು.

ಪರಿಸರದವರ ಪರದೆಯಲ್ಲಿ ಟ್ಯಾಂಕರಿನ ನಂಬರ್ ಕೇಳುತ್ತಿತ್ತು. ಆ ನಂಬರ್ ತುಂಬುವುದು ವಾಹನದವರ ಒಪ್ಪಿಗೆಯಾದ ಮೇಲೆ. ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕರೆತಂದು ಕೂರಿಸಿದೆ. ಇಬ್ಬರಿಗೂ ಮನಸ್ಸಿತ್ತು. ಪರದೆ ಮಾತ್ರ ಅಲ್ಲಾಡಲಿಲ್ಲ.

"ಬಾಯಿಮಾತಿಲೆ ಬಿಟ್ಟುಬಿಡ್ರಿ ಸರ್," ಎಂದೆ ವಾಹನ ವಿಭಾಗದವರಿಗೆ.

"ದಾರ್ಯಾಗ ಏನರ ಆದ್ರ ಯಾರ ಮ್ಯಾಲ ಬರತೈತಿ ಹೇಳ್ರಿ," ಎಂದರು. ಹೆಂಡತಿ ಮಕ್ಕಳಿದ್ದ ಮನುಷ್ಯ. ತಪ್ಪೆನ್ನಲು ನನ್ನಿಂದಾಗಲಿಲ್ಲ.

ಸಾಫ್ಟ್‌ವೇರ್ ಮಾಡಿಕೊಟ್ಟವರಿಗೆ ಬರೆದೆ, ಫೋನ್ ಮಾಡಿದೆ. ಬದಲಾವಣೆಗೆ ನಮ್ಮ ಹೆಡ್ಡಾಫೀಸು ಒಪ್ಪಬೇಕೆಂದರು. ಹೆಡ್ಡಾಫೀಸಿನವರು ಮುಂದಿನ ಮೀಟಿಂಗ್ ಆಗಲಿ ಎಂದರು. ಅಷ್ಟರಲ್ಲಿ ಬೇಸಿಗೆ ಬಂತು. ಅಕ್ಕ ಪಾತ್ರೆಗಳ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಒಮ್ಮೆ ಕೇಳಿ, ಮತ್ತೆ ಕೇಳುವುದನ್ನು ಬಿಟ್ಟಳು. ಅವಳು ಕೇಳದಿದ್ದುದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಕೊನೆಗೆ ಹೆಡ್ಡಾಫೀಸು ಒಪ್ಪಿತು, ಸಾಫ್ಟ್‌ವೇರಿನವರು ಒಪ್ಪಿಗೆಯ ಎರಡು ದಾರಿಗಳನ್ನು ಒಂದು ಮಾಡಿದರು. ಮೊದಲು ವಾಹನದವರು ನಂಬರ್ ತುಂಬುವುದು, ಆಮೇಲೆ ಪರಿಸರದವರು ಒಪ್ಪುವುದು. ಒಬ್ಬರು ಸುಮ್ಮನಿದ್ದರೆ ಕೋರಿಕೆ ತಾನಾಗಿ ಮೇಲಿನವರಿಗೆ ಹೋಗುವುದು. ಇಷ್ಟೇ ಕೆಲಸ. ಮಾರನೆಯ ಬೆಳಿಗ್ಗೆ ನಾನೂ ಟ್ಯಾಂಕರಿನಲ್ಲಿ ಕೂತು ಹೊರಟೆ.

ಇಳಿದು ನೋಡಿದರೆ ಹೋಟೆಲಿನ ಬಾಗಿಲು ಹಾಕಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು, "ಆಕಿ ಹ್ವಾದ ವಾರಾನ ಬಿಟ್ಟು ಹ್ವಾದ್ಲಲ್ರಿ, ಕಡ್ಡಿರಾಂಪುರದಾಗ ತಂಗಿ ಮನಿಗೆ," ಎಂದ. ಡ್ರೈವರ್ ನನ್ನ ಮುಖ ನೋಡಿ, ನೀರು ಬಿಟ್ಟುಕೊಂಡು ಮುಂದೆ ಹೋದ.

ಕೆಲವು ತಿಂಗಳ ಮೇಲೆ ಹಂಪಿಗೆ ಹೋಗುವಾಗ ಕಡ್ಡಿರಾಂಪುರದಲ್ಲಿ ಇಳಿದು ಹುಡುಕಿದೆ. ಅಕ್ಕ ತಂಗಿಯ ಗಂಡನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಈಗ ರಸ್ತೆಗೆ ನೀರು ಹೊಡೆಯುತ್ತಿದ್ದೇವೆ, ವಾಪಸ್ ಬರಬಹುದು ಎಂದೆ.

"ಜಾಗದ ಮಾಲಕರು ಬ್ಯಾರೇದವರಿಗೆ ಕೊಟ್ರಂತ, ತಮ್ಮಾ," ಎಂದಳು. "ಇಲ್ಲಿ ಊಟಕ್ಕ ಕಡಿಮಿ ಇಲ್ಲ. ಆದ್ರ ಅಲ್ಲಿ ಬೆಳಗಾದ್ರ ನನ್ನ ಹೋಟೆಲಿನ ಬಾಗಿಲಾ ತೆಗೆಯಾಕಿ ನಾನ ಇದ್ದೆ." ಒಳಗಿನಿಂದ ಯಾರೋ ಕೂಗಿದರು. ಅವಳು ಕೈ ಒರೆಸಿಕೊಂಡು ಎದ್ದಳು.