ರುಚಿ ಕೋಣೆಯ ಸಾಕಮ್ಮ

ಬಿಸ್ಕತ್ತು ಕಾರ್ಖಾನೆಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಗುಮಾಸ್ತನನ್ನು ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಸಾಕಮ್ಮ. ಜನ "ಸಾಕು" ಅನ್ನುವುದನ್ನೇ ಕಾದು ಕೂರುವುದು ಆಕೆಯ ಉದ್ಯೋಗವಾಗಿತ್ತು, ಹಾಗಾಗಿ ಪ್ಯಾಕಿಂಗ್ ವಿಭಾಗದ ಹೆಂಗಸರು ಇಟ್ಟ ಹೆಸರು ಅದು. ಆಕೆಯೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ಕಾರ್ಖಾನೆಯಲ್ಲಿ ಇದಕ್ಕಿಂತ ಕೆಟ್ಟ ಅಡ್ಡಹೆಸರುಗಳನ್ನು ಹೊತ್ತು ಓಡಾಡುವವರು ಬೇಕಾದಷ್ಟು ಜನ ಇದ್ದರು.

ಒಲೆಗಳ ಶಾಖ ತಲುಪದ ಹಿಂಭಾಗದಲ್ಲಿ ರುಚಿ ಕೋಣೆ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಒಂದು ಬಿಳಿ ತಟ್ಟೆ. ಬೀದಿಯಲ್ಲಿ ಸಿಕ್ಕವರನ್ನು, ಅಂಚೆಯವನನ್ನೋ ಬಸ್ಸಿಗೆ ಕಾಯುತ್ತ ನಿಂತ ಮುದುಕಿಯನ್ನೋ, ಪುಸಲಾಯಿಸಿ ಕರೆತಂದು ಕೂರಿಸುತ್ತಿದ್ದರು. ಸಾಕಮ್ಮ ತಟ್ಟೆಗೆ ಒಂದು ಬಿಸ್ಕತ್ತು ಹಾಕುವಳು. ಅದು ಮುಗಿದರೆ "ಇನ್ನೊಂದು ಬೇಕಾ?" ಎಂದು ಕೇಳುವಳು. ಬೇಕೆಂದರೆ ಇನ್ನೊಂದು. ಕೇಳುವುದೇನು, ಯಾರು ಬೇಕಾದರೂ ಕೇಳಬಹುದು. ಆದರೆ ಆಕೆಗೆ ಮುಖ ಓದುವುದು ಬರುತ್ತಿತ್ತು. ಮೊದಲನೆಯದಕ್ಕೆ ತಿನ್ನುವವರ ಹುಬ್ಬು ಏರುತ್ತದೆ, ಕಣ್ಣು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಎರಡನೆಯದಕ್ಕೆ ಹುಬ್ಬು ಅಷ್ಟು ಏರುವುದಿಲ್ಲ. ಮೂರನೆಯದನ್ನು ತಿನ್ನುತ್ತ ಗೋಡೆಯ ಗಡಿಯಾರ ನೋಡುತ್ತಾರೆ. ಆಮೇಲೆ ಒಂದು ಹಂತದಲ್ಲಿ ತಟ್ಟೆಯನ್ನು ಒಂದು ಬೆರಳಿನಿಂದ ಆಚೆ ತಳ್ಳಿ "ಸಾಕಮ್ಮ" ಅನ್ನುತ್ತಾರೆ. ಅವರು ಹಾಗನ್ನುವುದಕ್ಕೆ ಎರಡು ತುತ್ತು ಮುಂಚೆಯೇ ಆಕೆಗೆ ಅದು ಗೊತ್ತಾಗಿರುತ್ತಿತ್ತು.

"ಬಿಸ್ಕತ್ತು ಅದೇ, ಹಿಟ್ಟು ಅದೇ, ಸಕ್ಕರೆ ಅದೇ," ಎಂದು ಹಳೆಯ ಮ್ಯಾನೇಜರು ಕೆಲಸ ಕಲಿಸುವಾಗ ಹೇಳಿದ್ದರು. "ಆದ್ರೆ ಎರಡನೇದು ಮೊದಲನೇದರಷ್ಟು ಸುಖ ಕೊಡಲ್ಲ, ಮೂರನೇದು ಎರಡನೇದರಷ್ಟು ಕೊಡಲ್ಲ. ಸುಖ ಇಳೀತಿದ್ದ ಹಾಗೆ ಅದಕ್ಕೆ ಜನ ಬಿಚ್ಚೋ ಕಾಸೂ ಇಳಿಯತ್ತೆ. ಬೆಲೆ ಇರೋದು ಇಡೀ ಪೊಟ್ಟಣದಲ್ಲಿ ಅಲ್ಲಮ್ಮ, ಕೊನೇ ಬಿಸ್ಕತ್ತಲ್ಲಿ." ಅವರ ಲೆಕ್ಕಾಚಾರ ಸೊಗಸಾಗಿತ್ತು. ಸಾಕು ಅನ್ನುವುದಕ್ಕೆ ಒಂದೇ ಒಂದು ಬಿಸ್ಕತ್ತು ಮುಂಚೆ ಪೊಟ್ಟಣ ಖಾಲಿಯಾಗಬೇಕು. ಆಗ ಜನ ಬೈದುಕೊಂಡೇ ನಾಳೆ ಮತ್ತೆ ಅಂಗಡಿಗೆ ಬರುತ್ತಾರೆ. ಕಳ್ಳತನವೇ ಅನ್ನಿ, ಆದರೆ ನಗುನಗುತ್ತ ಮಾಡುವ ಕಳ್ಳತನ.

ಮನೆಯಲ್ಲಿ ಮಾತ್ರ ಆಕೆಯ ವಿದ್ಯೆ ಕೆಲಸಕ್ಕೆ ಬಾರದೆ ಹೋಗಿತ್ತು. ಗಂಡ ದರ್ಜಿ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಸೀಮೆಸುಣ್ಣದ ಗೆರೆಯಿಂದ ಅವನ ಕತ್ತರಿ ಕೂದಲೆಳೆಯಷ್ಟೂ ಆಚೆ ಹೋದದ್ದಿಲ್ಲ. ಅಂಥವನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ದನಿ ಪಿಸುಮಾತಿಗಿಂತ ಸಣ್ಣದಾಯಿತು. ಬಲಗೈ ಉಳಿಯಿತು, ಹೋದದ್ದು ಬೇಕು ಅನ್ನುವ ಆಸೆ. ಹಾಲು ಹಿಡಿದರೆ ಬೇಡ, ಹಣ್ಣು ಹೆಚ್ಚಿಕೊಟ್ಟರೆ ಬೇಡ. ಬಲವಂತ ಮಾಡಿ ಒಂದು ಚಮಚ ತುರುಕಿದರೆ ಮುಖ ಗೋಡೆಯಂತೆ ಇರುತ್ತಿತ್ತು. ಮೊದಲನೆಯ ತುತ್ತಿಗೇ ಏನೂ ಏರದ ಮುಖವನ್ನು ಸಾಕಮ್ಮ ತನ್ನ ಇಷ್ಟು ವರ್ಷದ ಕೆಲಸದಲ್ಲಿ ನೋಡಿರಲಿಲ್ಲ.

"ಹೊಟ್ಟೆಗೆ ಏನಾದ್ರೂ ಹೋಗ್ಲೇಬೇಕಮ್ಮ," ಎಂದರು ಡಾಕ್ಟರು, ಅವನಿಗೆ ಕೇಳಿಸದಂತೆ ಬಾಗಿಲ ಹತ್ತಿರ ಬಂದು. "ಹೀಗೇ ಆದ್ರೆ ಬಹಳ ದಿನ ಉಳಿಯಲ್ಲ."

ಅವನು ಸೊರಗಿ ಕಡ್ಡಿಯಾದ. ಆಕೆ ದಿನವೂ ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ "ಇನ್ನೊಂದು ಬೇಕಾ" ಎಂದು ಉಪಚಾರ ಮಾಡಿ, ಮನೆಗೆ ಬಂದು ಸ್ವಂತ ಗಂಡನಿಗೆ ಒಂದು ತುತ್ತು ತಿನ್ನಿಸಲಾಗದೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು.

ಇಂಥ ಹೊತ್ತಿನಲ್ಲೇ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದರು. ಬಂದವರೇ ರುಚಿ ಕೋಣೆ ನೋಡಿ ಮೂಗು ಮುರಿದರು. "ಮುಖ ನೋಡೋದು, ಮಾತು ಕೇಳೋದು ಇದೆಲ್ಲ ನಂಬೋ ವಿಷಯವೇ ಅಲ್ಲ. ಚೆನ್ನಾಗಿದೆ ಅಂತಾರೆ, ಆಮೇಲೆ ಅಂಗಡೀಲಿ ಕೊಳ್ಳಲ್ಲ. ಬಾಯಿ ಸುಳ್ಳು ಹೇಳತ್ತೆ, ಕೈ ಹೇಳಲ್ಲ. ಕೈ ಏನು ತಗೊಳ್ಳತ್ತೋ ಅದೇ ಬೇಕಾದ್ದು." ಮೇಜಿನ ನಡುವೆ ಮೇಲಿನಿಂದ ಕೆಳಗಿನವರೆಗೆ ದಪ್ಪ ಹಲಗೆ ನಿಲ್ಲಿಸಿದರು. ತಟ್ಟೆಯ ಎತ್ತರಕ್ಕೆ, ಒಂದು ಕೈ ತೂರುವಷ್ಟು ಕಿಂಡಿ ಕೊರೆಸಿದರು. ತಿನ್ನುವವರು ಆ ಕಡೆ, ಸಾಕಮ್ಮ ಈ ಕಡೆ. ಆ ಕಡೆಯ ಮಾತು ಈ ಕಡೆಗೆ ಕೇಳಿಸದು. ಇನ್ನೊಂದು ಬೇಕಾ ಎಂದು ಕೇಳುವ ಗೋಜೂ ಇಲ್ಲ. ತಟ್ಟೆಯಲ್ಲಿ ಇಡುವುದು, ಕೈ ಬಂದರೆ ಗುರುತು ಹಾಕುವುದು.

ಮೊದಮೊದಲು ಆಕೆಗೆ ಮೈ ಜುಮ್ಮೆನ್ನುತ್ತಿತ್ತು. ಮೊಣಕೈವರೆಗೆ ಮಾತ್ರ ಇರುವ ಮನುಷ್ಯರು. ಬಳೆ ತೊಟ್ಟ ಕೈ, ಗ್ರೀಸು ಮೆತ್ತಿದ ಕೈ, ನಡುಗುವ ಕೈ. ಕಿಂಡಿಯಿಂದ ಬಂದು, ತಡವಿ, ಎತ್ತಿಕೊಂಡು ಹಿಂದಕ್ಕೆ ಸರಿಯುತ್ತಿದ್ದವು. ಕ್ರಮೇಣ ಅಭ್ಯಾಸವಾಯಿತು. ಅಭ್ಯಾಸ ಎಷ್ಟು ಆಯಿತೆಂದರೆ ಬಸ್ಸಿನಲ್ಲಿ ಎದುರು ಕೂತವರ ಮುಖ ಬಿಟ್ಟು ಕೈ ನೋಡತೊಡಗಿದಳು.

ಆಮೇಲೆ ಆ ಹೊಸ ಬಿಸ್ಕತ್ತು ಬಂತು. ನೋಡಲು ಏನೂ ವಿಶೇಷವಿಲ್ಲ, ಸಾಧಾರಣ ಗುಂಡು ಬಿಸ್ಕತ್ತು. ಅದರಲ್ಲಿ ಏನು ಬೆರೆಸಿದ್ದರೋ ಕಲಸುವವರಿಗೂ ಹೇಳಿರಲಿಲ್ಲ. ಮೊದಲ ದಿನ ಕಿಂಡಿಯಿಂದ ಬಂದದ್ದು ಹೆಂಗಸಿನ ಕೈ. ತೆಗೆದುಕೊಂಡಿತು, ಮತ್ತೆ ಬಂತು, ಮತ್ತೆ ಬಂತು. ಯಾವ ಕೈಯಾದರೂ ನಾಲ್ಕನೆಯದಕ್ಕೆ ಸ್ವಲ್ಪ ತಡಮಾಡುತ್ತದೆ. ಇದು ತಡಮಾಡಲಿಲ್ಲ. ಡಬ್ಬ ಖಾಲಿಯಾದ ಮೇಲೂ ಬಂದು ಬರಿಯ ತಟ್ಟೆಯನ್ನು ಚಿವುಟಿ, ಏನೋ ಸಿಕ್ಕಿದ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ಮಾರನೆಯ ದಿನ ಬಂದ ಕೈಗಳೂ ಹಾಗೇ ಮಾಡಿದವು. ಮ್ಯಾನೇಜರು ಕುಣಿದಾಡುವುದೊಂದು ಬಾಕಿ. "ನೋಡಿದ್ರಾ? ಸಾಕು ಅನ್ನೋರೇ ಇಲ್ಲ! ಇನ್ನು ನಿಮ್ಮ ಹೆಸರು ಬದಲಾಯಿಸಬೇಕು!"

ಸಾಕಮ್ಮ ನಗಲಿಲ್ಲ. ಆಕೆಗೆ ಹೊಳೆದದ್ದೇ ಬೇರೆ. ವಾರದ ಕೊನೆಗೆ ಮುರಿದ ಬಿಸ್ಕತ್ತುಗಳನ್ನು ಕೆಲಸದವರು ಮನೆಗೆ ಒಯ್ಯುವುದು ಅಲ್ಲಿ ಮೊದಲಿಂದ ನಡೆದುಬಂದದ್ದು. ಆಕೆ ಹೊಸ ಬಿಸ್ಕತ್ತಿನ ಚೂರುಗಳನ್ನು ಚೀಲ ತುಂಬ ತುಂಬಿಕೊಂಡು, ಮೆಟ್ಟಿಲನ್ನು ಓಡುತ್ತಲೇ ಹತ್ತಿ ಮನೆ ಸೇರಿದಳು. ಗಂಡನ ನಾಲಿಗೆಯ ಮೇಲೆ ಒಂದು ಚೂರು ಇಟ್ಟು, ಉಳಿದದ್ದನ್ನು ತಟ್ಟೆಗೆ ಹಾಕಿ ಅವನ ಕೈಗೆಟಕುವಂತೆ ಇಟ್ಟಳು. ಅವನ ಬಲಗಡೆ ಕೂತು, ಜೀವ ಬಿಗಿಹಿಡಿದು ತಟ್ಟೆಯನ್ನೇ ನೋಡಿದಳು.

ಕೈ ಅಲುಗಿತು. ಹೊದಿಕೆಯಿಂದ ಹೊರಗೆ ಬಂತು. ತಟ್ಟೆಯ ಕಡೆ ಹೋಯಿತು.

ಆಕೆಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ತಾನಾಗಿ ಕೈ ಚಾಚಿದ್ದು ಅದೇ ಮೊದಲು. ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿಟ್ಟಳು, ಹಾಲೂ ಹೋಯಿತು. ಪುಡಿ ಮಾಡಿ ಮೊಟ್ಟೆಗೆ ಉದುರಿಸಿದಳು, ಮೊಟ್ಟೆಯೂ ಹೋಯಿತು. ತಿಂಗಳಾಗುವಷ್ಟರಲ್ಲಿ ಅವನ ಕೆನ್ನೆ ತುಂಬಿಕೊಂಡಿತು. ನೋಡಲು ಬಂದ ನಾದಿನಿ ಬಾಗಿಲಲ್ಲೇ ನಿಂತು, "ಅತ್ತಿಗೆ, ಅಣ್ಣನ್ನ ಉಳಿಸಿಕೊಂಡ್ಬಿಟ್ಟೆ ಕಣೇ ನೀನು," ಎಂದು ಕಣ್ಣೊರೆಸಿಕೊಂಡಳು. ತಿನ್ನುವಾಗ ಅವನ ತುಟಿಯಿಂದ ಸಣ್ಣಗೆ ಏನೋ ಸದ್ದು ಬರುತ್ತಿತ್ತು. ಹಳೆಯ ಹಾಡು ಗುನುಗುತ್ತಾನೇನೋ ಅಂದುಕೊಂಡಳು.

ನಿದ್ದೆಯಲ್ಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಮೇಲೆ ತಡವಿ, ಇಲ್ಲದ್ದನ್ನು ಚಿವುಟಿ, ಬಾಯಿಗೆ ಒಯ್ಯುತ್ತಿತ್ತು. ದವಡೆ ಬರಿದನ್ನೇ ಅಗಿಯುತ್ತಿತ್ತು. ಕನಸು ಕಾಣುತ್ತಿರಬೇಕು ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಳ್ಳೆಯದಾಗುತ್ತಿದೆ ಎಂದು ನಂಬಿಕೊಂಡವರನ್ನು ಅಲುಗಾಡಿಸುವುದು ಬಲು ಕಷ್ಟ.

ಒಂದು ಭಾನುವಾರ ಬೆಳಿಗ್ಗೆ ಅವನಿಗೆ ಗಡ್ಡ ಹೆರೆಯಲು ಕೂತಳು. ಯಾವಾಗಲೂ ಬಂದು ಮಾಡುತ್ತಿದ್ದ ಕ್ಷೌರಿಕನಿಗೆ ಆ ದಿನ ಜ್ವರ. ಹಾಗಾಗಿ ಎಷ್ಟೋ ದಿನಗಳ ಮೇಲೆ ಆಕೆ ಗಂಡನ ಬಲಗಡೆ ಬಿಟ್ಟು ಎದುರಿಗೆ ಕೂತದ್ದು. ಕೆನ್ನೆಗೆ ನೊರೆ ಹಚ್ಚಿದಳು. ಕೈ ತಟ್ಟೆಯ ಕಡೆ ಹೋಯಿತು.

"ಒಂದು ನಿಮಿಷ ಇರ್ರೀ, ಸೋಪು ಹೋಗತ್ತೆ ಬಾಯಿಗೆ."

ಕೈ ನಿಲ್ಲಲಿಲ್ಲ. ಚೂರನ್ನು ನೊರೆಯ ಸಮೇತ ಬಾಯಿಗೆ ತಳ್ಳಿತು. ಅವನಿಗೆ ಓಕರಿಕೆ ಬಂತು. ಓಕರಿಸುತ್ತಿರುವಾಗಲೇ ಕೈ ಇನ್ನೊಂದು ಚೂರು ತಂದು ತುರುಕಿತು. ಆಗ ಸಾಕಮ್ಮ ತಲೆಯೆತ್ತಿ ಅವನ ಮುಖ ನೋಡಿದಳು. ಕಣ್ಣೀರು ನೊರೆಯಲ್ಲಿ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಕಣ್ಣು ಆ ಕೈಯನ್ನೇ ನೋಡುತ್ತಿತ್ತು, ಮನೆಗೆ ನುಗ್ಗಿದ ಅಪರಿಚಿತನನ್ನು ನೋಡುವ ಹಾಗೆ. ತುಟಿ ಅಲುಗುತ್ತಿತ್ತು. ಆಕೆ ಕಿವಿಯನ್ನು ಅವನ ಬಾಯಿಗೆ ಹಚ್ಚಿದಳು.

"ಸಾಕು. ಸಾಕು ಕಣೇ. ಎಷ್ಟು ದಿನದಿಂದ ಹೇಳ್ತಿದೀನಿ. ಇದು ನನ್ನ ಮಾತು ಕೇಳಲ್ಲ."

ಜಗತ್ತಿನ ಮುಖವನ್ನೆಲ್ಲ ಓದಿದವಳು, ಒಂದು ತಿಂಗಳು ಪಕ್ಕದಲ್ಲೇ ಕೂತು, ಈ ಒಂದು ಮುಖದ ಕಡೆ ತಿರುಗಿರಲಿಲ್ಲ. ತಟ್ಟೆ ಎತ್ತಿ ಆಚೆಗೆ ಇಟ್ಟಳು. ಕೈ ಬರಿಯ ಹಾಸಿಗೆಯನ್ನು ಚಿವುಟತೊಡಗಿತು. ಎರಡೂ ಕೈಯಿಂದ ಅದನ್ನು ಅಮುಕಿ ಹಿಡಿದಳು. ಕಾಯಿಲೆಯವನ ಕೈಯಲ್ಲಿ ಅಷ್ಟು ಬಲ ಇರಲು ಸಾಧ್ಯವೇ ಇರಲಿಲ್ಲ.

"ಇದನ್ನ ನಿಲ್ಲಿಸಿದ್ರೆ ನಿಮಗೆ ಬೇರೇನೂ ಸೇರಲ್ವಲ್ಲ ರೀ," ಎಂದು ಅತ್ತಳು. "ಉಳಿಯಲ್ಲ ಅಂದಿದಾರೆ ಡಾಕ್ಟ್ರು."

"ಗೊತ್ತು," ಎಂದ ಅವನು. "ತಿಂತಿರೋದು ನಾನಲ್ಲ. ನಾನು ಉಳಿದಿಲ್ಲ."

ಮಾರನೆಯ ದಿನ ಆಕೆ ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದಳು. "ಸಾರ್, ಅದನ್ನ ಅಂಗಡಿಗೆ ಬಿಡಬೇಡಿ. ತಿನ್ನೋರಿಗೆ ಅದು ಬೇಡ."

"ಬೇಡ ಅನ್ನೋರು ತಗೋತಾರೇನಮ್ಮ?"

"ಬೇಡ ಅಂತಾನೇ ಇದಾರೆ ಸಾರ್. ಬಾಯಿ ಹಲಗೆಯ ಆ ಕಡೆ ಇದೆ, ನಮಗೆ ಕೇಳ್ತಿಲ್ಲ ಅಷ್ಟೆ. ಒಂದ್ಸಲ ಆ ಕಡೆ ಹೋಗಿ ಮುಖ ನೋಡಿ."

ಮ್ಯಾನೇಜರು ಕೆಟ್ಟವರೇನಲ್ಲ. ಆಕೆಯ ಗಂಡನ ಆರೋಗ್ಯ ವಿಚಾರಿಸಿದರು, ರಜೆ ಬೇಕಿದ್ದರೆ ತೆಗೆದುಕೊಳ್ಳಿ ಅಂದರು. "ಮುಖ ನೋಡಿ ಮಾರಾಟದ ಅಂದಾಜು ಮಾಡೋಕಾಗಲ್ಲಮ್ಮ," ಎಂದು ನಯವಾಗಿ ಹೇಳಿ ಫೋನು ಕೈಗೆತ್ತಿಕೊಂಡರು. ಆಕೆ ಹೊರಗೆ ಬಂದು, ತಿನ್ನುವವರ ಕಡೆಯ ಬಾಗಿಲನ್ನು ತಾನೇ ತೆರೆದಳು. ಕುರ್ಚಿಯಲ್ಲಿ ಹಳೆಯ ಪರಿಚಯದ ಅಂಚೆಯವನು. ಬಲಗೈ ಕಿಂಡಿಯಲ್ಲಿತ್ತು. ಕಣ್ಣು ಸೂರಿನ ಕಡೆ ತೇಲಿತ್ತು, ತುಟಿ ಅಲುಗುತ್ತಿತ್ತು. ಆಕೆ ಅವನನ್ನು ಭುಜ ಹಿಡಿದು ಎಬ್ಬಿಸಿ ಬೀದಿಗೆ ತಂದುಬಿಟ್ಟಳು. ಕಾರ್ಖಾನೆಯವರು ಕೊಟ್ಟಿದ್ದ ಮೇಲಂಗಿ ಬಿಚ್ಚಿ ಗೇಟಿಗೆ ತೂಗುಹಾಕಿ ಮನೆಗೆ ನಡೆದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಚೀಲವನ್ನು ಚರಂಡಿಗೆ ಸುರಿದು ನೀರು ಹೊಯ್ದಳು. ಹಗಲೆಲ್ಲ ಗಂಡನ ಕೈ ಹಿಡಿದು ಕೂತಳು. ಅದು ಒದ್ದಾಡಿತು, ಸೆಣಸಿತು, ಆಕೆಯ ಅಂಗೈಯನ್ನು ರಕ್ತ ಬರುವಂತೆ ಚಿವುಟಿತು. ದಿನದಿಂದ ದಿನಕ್ಕೆ ಸುಸ್ತಾಯಿತು. ಒಂದು ಮಧ್ಯಾಹ್ನ ಬೆರಳುಗಳು ಸಡಿಲಾಗಿ, ಆಕೆಯ ಕೈಯಲ್ಲಿ ಸುಮ್ಮನೆ ಮಲಗಿದವು. ಆಗ ಅವನು ಕಣ್ಣು ತೆರೆದು, ನೀರು ಬೇಕೆಂದು ಕೇಳಿದ.

ಆಕೆ ಚಮಚದಲ್ಲಿ ಕೊಟ್ಟಳು. ಹುಬ್ಬು ಏರಿತು. ಕಣ್ಣು ಅರೆ ಮುಚ್ಚಿಕೊಂಡಿತು. ಎರಡನೆಯ ಚಮಚಕ್ಕೆ ಹುಬ್ಬು ಅಷ್ಟು ಏರಲಿಲ್ಲ. ಮೂರನೆಯದನ್ನು ಕುಡಿಯುತ್ತ ಕಿಟಕಿಯ ಕಡೆ ನೋಡಿದ. ನಾಲ್ಕನೆಯದನ್ನು ಒಂದು ಬೆರಳಿನಿಂದ ಆಚೆ ತಳ್ಳಿದ. ಸಾಕಮ್ಮ ಲೋಟ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ನಗುವೋ ಅಳುವೋ ತಿಳಿಯದಂತೆ ಅಲುಗಾಡಿದಳು. ಇಷ್ಟು ಒಳ್ಳೆಯದನ್ನು ಆಕೆ ಆ ರುಚಿ ಕೋಣೆಯಲ್ಲಿ ಯಾವತ್ತೂ ನೋಡಿರಲಿಲ್ಲ.

ಅವನು ಹೆಚ್ಚು ದಿನ ಉಳಿಯಲಿಲ್ಲ. ಹೋಗುವ ತನಕ ತನಗೆ ಬೇಕಾದಷ್ಟು ಕುಡಿದ, ಬೇಡವಾದದ್ದನ್ನು ಬೇಡ ಅಂದ.

ಅಷ್ಟರಲ್ಲಿ ಹೊಸ ಬಿಸ್ಕತ್ತು ಅಂಗಡಿಗಳಿಗೆ ಬಂದಿತ್ತು. ಬೆಲೆ ಏರಿಸಿದರು, ಮಾರಾಟ ಇಳಿಯಲಿಲ್ಲ. ಮತ್ತೆ ಏರಿಸಿದರು, ಆಗಲೂ ಇಳಿಯಲಿಲ್ಲ. ಜನ ಹಾಲು ಬಿಟ್ಟರು, ಸೋಪು ಬಿಟ್ಟರು, ಅದನ್ನು ಬಿಡಲಿಲ್ಲ. ಸಾಕಮ್ಮನ ಕಿಟಕಿಯ ಕೆಳಗಿನ ಬೀದಿಯಲ್ಲಿ ಪೊಟ್ಟಣದ ಪರಪರ ಸದ್ದು ಬಿಟ್ಟರೆ ಮಾತೇ ಕಡಿಮೆಯಾಯಿತು.

ಸಾವಿಗೆ ಬಂದ ನಾದಿನಿ ಎಲ್ಲರೂ ಹೋದ ಮೇಲೂ ಉಳಿದಳು. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅಣ್ಣ ಮಲಗುತ್ತಿದ್ದ ಜಾಗ ನೋಡುತ್ತ, ಮನಸ್ಸಿನಲ್ಲಿದ್ದ ಸಿಟ್ಟನ್ನೆಲ್ಲ ಕಾರಿಕೊಂಡಳು.

"ತಿಂತಾ ಇದ್ದ ಅತ್ತಿಗೆ ಅವನು. ಮೈ ಕೈ ತುಂಬಿಕೊಂಡಿದ್ದ, ನಾನೇ ಕಣ್ಣಾರೆ ನೋಡಿದೀನಿ. ನೀನು ಯಾಕೆ ನಿಲ್ಲಿಸಿದೆ? ಅವನ ಬಾಯಿಂದ ಕಿತ್ಕೊಂಡ್ಯಲ್ಲ! ಯಾವ ಹೆಂಡತಿ ಹಾಗೆ ಮಾಡ್ತಾಳೆ?"

ನಾದಿನಿಯ ಮಡಿಲಲ್ಲಿ ಒಂದು ಪೊಟ್ಟಣವಿತ್ತು. ಅವಳ ಕೈ ಪೊಟ್ಟಣಕ್ಕೆ ಹೋಗಿ ಬಾಯಿಗೆ ಬರುತ್ತಿತ್ತು. ಬೈಗುಳದ ನಡುವೆ ಅಗಿಯುತ್ತಿದ್ದಳು, ಅಗಿಯುತ್ತ ಬೈಯುತ್ತಿದ್ದಳು. ಕೈಯ ಕಡೆ ಒಂದು ಸಲವೂ ನೋಡಲಿಲ್ಲ.

ಸಾಕಮ್ಮ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತಳು. ಮುಖ ನೋಡಿದಳು. ಆಮೇಲೆ ಕೈ ಚಾಚಿ, ಪೊಟ್ಟಣಕ್ಕೆ ಇಳಿಯುತ್ತಿದ್ದ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನ್ ಮಾಡ್ತಿದೀಯ? ಬಿಡು!" ಎಂದು ನಾದಿನಿ ಕಿರುಚಿದಳು. "ಅವನಿಗೆ ಮಾಡಿದ್ದು ಸಾಲದಾ? ಬಿಡು ಅಂದ್ರೆ ಬಿಡು!"

ಕೈ ಸೆಣಸಿತು. ಸಾಕಮ್ಮ ಬಿಡಲಿಲ್ಲ. ನಾದಿನಿಯ ಮಾತು ಅರ್ಧಕ್ಕೆ ನಿಂತಿತು. ಅವಳು ತಲೆ ತಗ್ಗಿಸಿ, ತನ್ನ ತೋಳಿನ ಕೊನೆಯಲ್ಲಿ ಒದ್ದಾಡುತ್ತಿದ್ದುದನ್ನು ಮೊದಲ ಸಲ ನೋಡಿದಳು.

"ಅತ್ತಿಗೆ," ಎಂದಳು ಬಹಳ ಸಣ್ಣ ದನಿಯಲ್ಲಿ, "ಬಿಡಬೇಡ."